ಖಜಾನೆಯ ಖರ್ಚಿನಲ್ಲಿ ಪರದೇಶದ ಪಾಠ: ಹೈಸ್ಕೂಲು ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಕೆಲವು ಸೂತ್ರಗಳು

ಅಮೆರಿಕದ ಕನ್ನಡ ಕೂಟಗಳ ಊಟದ ಸಾಲಿನಲ್ಲಿ ನಿಂತರೆ ಸ್ಯಾಟ್ ಅಂಕ, ಎಪಿ ಕೋರ್ಸು, ರೊಬೊಟಿಕ್ಸ್ ತಂಡಗಳ ಸುದ್ದಿ ಬೇಕಾದಷ್ಟು ಕಿವಿಗೆ ಬೀಳುತ್ತದೆ. ಆದರೆ ಸರ್ಕಾರವೇ ಟಿಕೆಟ್ ತೆಗೆದು, ಇರಲು ಒಂದು ಮನೆ ಗೊತ್ತುಮಾಡಿ, ಮೇಷ್ಟರನ್ನೂ ಇಟ್ಟು, ಹೈಸ್ಕೂಲು ಮಕ್ಕಳನ್ನು ಭಾಷೆ ಕಲಿಯಲು ಹೊರದೇಶಕ್ಕೆ ಕಳಿಸುತ್ತದೆ ಎಂಬ ಸುದ್ದಿ ಅಲ್ಲಿ ಅಪರೂಪ. ಕೇಳಿದವರೂ "ಅದೆಲ್ಲ ನಮ್ಮ ಮಕ್ಕಳಿಗೆ ಸಿಗೋದಲ್ಲ ಬಿಡಿ" ಅಂದು ಪಲ್ಯದ ಕಡೆ ತಿರುಗುತ್ತಾರೆ.

ಸಿಗುತ್ತದೆ. ಪಬ್ಲಿಕ್ ಸ್ಕೂಲಿನಲ್ಲಿ ಓದುವ ಮಕ್ಕಳಿಗೂ ಸಿಗುತ್ತದೆ. ಆದರೆ ಈ ದುಡ್ಡಿನ ಸ್ವಭಾವ ತಿಳಿಯದೆ ಅರ್ಜಿ ಹಾಕಿದರೆ ಸಿಗುವುದು ಕಷ್ಟ. ಮುಖ್ಯವಾಗಿ ಅಮೆರಿಕದ ಕನ್ನಡ ಕುಟುಂಬಗಳನ್ನು ಕಣ್ಣಮುಂದೆ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಂಗ್ಲೆಂಡು, ಜರ್ಮನಿ, ಬೆಂಗಳೂರಿನವರಿಗೂ ನಡುನಡುವೆ ಒಂದೆರಡು ಮಾತಿದೆ.

1. ದುಡ್ಡು ಯಾಕೆ ಕೊಡುತ್ತಾರೆ ಅನ್ನುವುದನ್ನು ಮೊದಲು ತಿಳಿಯಿರಿ

ಅಮೆರಿಕದ ಸರ್ಕಾರ ಭಾಷೆಗೆ ಕೈಬಿಚ್ಚಿ ಖರ್ಚು ಮಾಡಿದ ಕಾಲಗಳನ್ನು ನೋಡಿ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಮರುವರ್ಷ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಬಂತು, ವಿಶ್ವವಿದ್ಯಾಲಯಗಳಲ್ಲಿ ರಷ್ಯನ್‌ನಿಂದ ಹಿಡಿದು ಭಾರತದ ಭಾಷೆಗಳವರೆಗೆ ಕಲಿಕೆಗೆ ಹಣ ಹರಿಯಿತು. 2001ರ ಸೆಪ್ಟೆಂಬರ್ ದಾಳಿಯಾದ ಮರುವರ್ಷವೇ ಹೈಸ್ಕೂಲು ಮಕ್ಕಳ 'ಯೆಸ್' ವಿನಿಮಯ ಯೋಜನೆ ಹುಟ್ಟಿತು. 2006ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ 'ನ್ಯಾಷನಲ್ ಸೆಕ್ಯುರಿಟಿ ಲಾಂಗ್ವೇಜ್ ಇನಿಶಿಯೇಟಿವ್' ಘೋಷಿಸಿದರು. ಅದರಲ್ಲಿ ಹದಿಹರೆಯದವರ ಪಾಲಿಗೆ ಬಂದದ್ದು ಎನ್‌ಎಸ್‌ಎಲ್‌ಐ-ವೈ. ಬಲ್ಲವರ ಬಾಯಲ್ಲಿ ಅದು 'ನಿಸ್ಲಿ-ವೈ'.

ಸರ್ಕಾರಕ್ಕೆ ಭಯವೋ ಗರಜೋ ಹುಟ್ಟಿದಾಗ ಭಾಷೆಗೆ ದುಡ್ಡು ಬರುತ್ತದೆ, ಅದು ತಣ್ಣಗಾದಾಗ ಹಿಂದೆ ಸರಿಯುತ್ತದೆ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ, ಮರೆಯುವಂಥದ್ದೂ ಅಲ್ಲ. ಇದು ಜಾಣ ಮಗುವಿಗೆ ಹಾಕುವ ಹಾರವಲ್ಲ, ಬೇಸಿಗೆ ರಜೆಯ ಉಡುಗೊರೆಯೂ ಅಲ್ಲ. ನಾಳೆ ಆ ದೇಶದವರೊಡನೆ ಅವರದೇ ಮಾತಿನಲ್ಲಿ ವ್ಯವಹರಿಸಬಲ್ಲ ನಾಲ್ಕು ಜನ ಬೇಕು ಅನ್ನುವುದು ಕೊಡುವವರ ಲೆಕ್ಕ. ಅರ್ಜಿಯ ಪ್ರತಿ ಸಾಲನ್ನೂ ಓದುವವರು ಆ ಲೆಕ್ಕದಲ್ಲೇ ಓದುತ್ತಾರೆ. ಮುಂದಿನ ಸೂತ್ರಗಳೆಲ್ಲ ಹುಟ್ಟುವುದು ಇದರಿಂದಲೇ.

2. ಹೆಸರು ಕೇಳಿ ಗಾಬರಿಯಾಗಬೇಡಿ

"ನ್ಯಾಷನಲ್ ಸೆಕ್ಯುರಿಟಿ ಅಂತ ಇದೆಯಲ್ಲ, ಮಗಳನ್ನ ಗೂಢಚಾರಿಣಿ ಮಾಡ್ತಾರಾ?" ಎಂದು ಕೇಳುವ ಅಮ್ಮಂದಿರಿದ್ದಾರೆ. ಇಲ್ಲ. ಯೋಜನೆ ವಿದೇಶಾಂಗ ಇಲಾಖೆಯ ಶೈಕ್ಷಣಿಕ ಮತ್ತು ಸಾಂಸ್ಕೃತಿಕ ವ್ಯವಹಾರಗಳ ವಿಭಾಗದ್ದು. ಮುಂದೆ ಸರ್ಕಾರಿ ಕೆಲಸ ಮಾಡಿಯೇ ತೀರಬೇಕೆಂಬ ಕರಾರು ಇದರಲ್ಲಿಲ್ಲ. ಅಂಥ ಕರಾರು ಇರುವುದು ಕಾಲೇಜು ಹಂತದ ಬೋರೆನ್ ವಿದ್ಯಾರ್ಥಿವೇತನದಲ್ಲಿ. ಅದನ್ನು ಪಡೆದವರು ಕನಿಷ್ಠ ಒಂದು ವರ್ಷ ಫೆಡರಲ್ ಸರ್ಕಾರದಲ್ಲಿ ದುಡಿಯಬೇಕು. ಎರಡನ್ನೂ ಕಲಸಿ ಗೊಂದಲ ಮಾಡಿಕೊಳ್ಳಬೇಡಿ.

3. ಪೌರತ್ವದ ಸಾಲನ್ನು ಮೊದಲೇ ಓದಿ

ಮಗಳು ಹಗಲಿರುಳು ಕೂತು ಪ್ರಬಂಧ ಬರೆದ ಮೇಲೆ ನೋಡುವ ಸಾಲಲ್ಲ ಇದು. ನಿಸ್ಲಿ-ವೈ ಅಮೆರಿಕದ ಪ್ರಜೆಗಳಿಗೆ ಮಾತ್ರ. ವಯಸ್ಸು 15ರಿಂದ 18, ಜಿಪಿಎ 4ಕ್ಕೆ ಕನಿಷ್ಠ 2.5. ಗ್ರೀನ್ ಕಾರ್ಡ್ ಇರುವ ಮನೆಯವರು ಕಾಂಗ್ರೆಸ್-ಬುಂಡೆಸ್ಟಾಗ್ ಯುವ ವಿನಿಮಯದ ಕಡೆ ನೋಡಬೇಕು. ಅದರಲ್ಲಿ ಶಾಶ್ವತ ನಿವಾಸಿಗಳಿಗೂ ಅವಕಾಶವಿದೆ. ಜಿಪಿಎ 3 ಬೇಕು, ಜರ್ಮನ್ ಬಂದಿರಬೇಕೆಂದಿಲ್ಲ, ಒಂದು ಪೂರ್ತಿ ಶೈಕ್ಷಣಿಕ ವರ್ಷ ಜರ್ಮನಿಯ ಶಾಲೆಯಲ್ಲಿ ಓದು. 1683ರಲ್ಲಿ ಕ್ರೇಫೆಲ್ಡ್ ಊರಿನ 13 ಕುಟುಂಬಗಳು ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದದ್ದರ ಮುನ್ನೂರನೇ ವರ್ಷದ ನೆನಪಿಗೆ, 1983ರಲ್ಲಿ ಎರಡೂ ದೇಶಗಳ ಸಂಸತ್ತುಗಳು ಸೇರಿ ಇದನ್ನು ಶುರುಮಾಡಿದವು. ಹಣ ಇಂದಿಗೂ ಎರಡೂ ಕಡೆಯಿಂದ ಬರುತ್ತದೆ.

ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಈ ಎರಡೂ ಬಾಗಿಲು ಮುಚ್ಚಿವೆ. ಅಕ್ಕ ಇಲ್ಲಿ ವೀಸಾದಲ್ಲಿ, ತಮ್ಮ ಹುಟ್ಟಿನಿಂದಲೇ ಪ್ರಜೆ ಅನ್ನುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ತಮ್ಮ ಕೇಳಬಹುದು, ಅಕ್ಕ ಕೇಳುವಂತಿಲ್ಲ. ಅದನ್ನು ಅವಳಿಗೆ ಮೊದಲೇ ಕೂರಿಸಿ ಹೇಳಿ.

4. ಎರಡೂವರೆ ಎಂಬ ಅಂಕಿಯಲ್ಲಿ ಏನೋ ಹೇಳುತ್ತಿದ್ದಾರೆ

ಜಿಪಿಎ 2.5 ಅಂದರೆ ನಮ್ಮ ಲೆಕ್ಕದಲ್ಲಿ ಸೆಕೆಂಡ್ ಕ್ಲಾಸು. ಎಪಿ ಕೋರ್ಸುಗಳ ತೂಕವೂ ಸೇರಿ 4.3 ಇರುವ ಮಗನ ಅಪ್ಪನಿಗೆ ಇದು ನಗೆಪಾಟಲಿನ ಗೆರೆ ಅನ್ನಿಸಬಹುದು. ಆ ಗೆರೆ ದಾಟಿದ ಮೇಲೆ ಅಂಕಪಟ್ಟಿಯೊಂದೇ ಸೀಟು ತಂದುಕೊಡುವುದಿಲ್ಲ ಎಂದು ಯೋಜನೆಯವರು ಆಗಲೇ ಹೇಳಿಯಾಯಿತು. ನೋಡುವುದು ಬೇರೆ: ಪರರ ಮನೆಯಲ್ಲಿ ಈ ಹುಡುಗ ಹೊಂದಿಕೊಂಡಾನೆಯೇ, ಮಾತು ಬಾರದಾಗ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆಯೇ, ಬಂದ ಮೇಲೂ ಭಾಷೆಯನ್ನು ಹಿಡಿದುಕೊಂಡಿರುತ್ತಾನೆಯೇ. ತರಗತಿಗೆ ಮೊದಲಿಗನಾದ ಹುಡುಗ ಬಿಟ್ಟುಹೋಗಿ, ಹಿಂದಿನ ಬೆಂಚಿನ ಮಾತುಗಾರ ಆಯ್ಕೆಯಾದರೆ ಅನ್ಯಾಯವಾಯಿತು ಅನ್ನಬೇಡಿ.

5. ಅರ್ಜಿ ಹಾಕಬೇಕಾದವರು ಯಾರು ಅನ್ನುವುದನ್ನು ಖಚಿತಮಾಡಿಕೊಳ್ಳಿ

ನಿಸ್ಲಿ-ವೈಗೆ ಮಗುವೇ ನೇರ ಅರ್ಜಿ ಹಾಕಬೇಕು. ಎಲ್ಲ ಕಡೆ ಹಾಗಿಲ್ಲ. ಬ್ರಿಟನ್ನಿನ ಟ್ಯೂರಿಂಗ್ ಯೋಜನೆಯಲ್ಲಿ (2021ರಲ್ಲಿ ಶುರುವಾದದ್ದು) ಶಾಲೆ ಅರ್ಜಿ ಹಾಕುತ್ತದೆ, ಹಣ ಶಾಲೆಗೆ ಬರುತ್ತದೆ, ಮಕ್ಕಳನ್ನು ಶಾಲೆಯೇ ಆರಿಸುತ್ತದೆ. ಯುರೋಪಿನ ಎರಾಸ್ಮಸ್ ಪ್ಲಸ್‌ನಲ್ಲೂ ಶಾಲಾ ಮಕ್ಕಳ ಮಟ್ಟಿಗೆ ಅದೇ ಕ್ರಮ. ಆದ್ದರಿಂದ ಲೆಸ್ಟರ್‌ನಲ್ಲೋ ಮ್ಯೂನಿಕ್‌ನಲ್ಲೋ ಇರುವ ಕನ್ನಡದ ಅಪ್ಪ ಅಮ್ಮಂದಿರು ಮಗುವಿನ ಪ್ರಬಂಧ ತಿದ್ದುತ್ತ ಕೂರುವ ಬದಲು ಶಾಲೆಯ ಭಾಷಾ ವಿಭಾಗದ ಮುಖ್ಯಸ್ಥರನ್ನು ಕಾಣಬೇಕು. "ನಮ್ಮ ಶಾಲೆ ಅರ್ಜಿ ಹಾಕಿದೆಯೇ?" ಎಂದು ಕೇಳಬೇಕು. ಹಾಕಿಲ್ಲವಾದರೆ ಇನ್ನೂ ನಾಲ್ಕು ಜನ ಪೋಷಕರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಬೇಕು. ಬಹಳಷ್ಟು ಸಲ ಅರ್ಜಿ ಹೋಗದಿರುವುದಕ್ಕೆ ಕಾರಣ ವಿರೋಧವಲ್ಲ, ಅದರ ಕಾಗದಪತ್ರ ಹೊತ್ತುಕೊಳ್ಳುವ ಮೇಷ್ಟರಿಲ್ಲದಿರುವುದು.

ಭಾರತದಲ್ಲಿ ಓದುವವರಿಗೆ ಹತ್ತಿರದ ಉದಾಹರಣೆ ಜರ್ಮನಿಯದು. ಅಲ್ಲಿನ ವಿದೇಶಾಂಗ ಕಚೇರಿ 2008ರಲ್ಲಿ 'ಪಾಷ್' ಎಂಬ ಶಾಲಾ ಜಾಲ ಕಟ್ಟಿತು. ಜಗತ್ತಿನಲ್ಲಿ ಸುಮಾರು 2000 ಶಾಲೆಗಳು ಅದರಲ್ಲಿವೆ. ಈ ಶಾಲೆಗಳಲ್ಲಿ ಜರ್ಮನ್ ಕಲಿಯುವ ಕೆಲವು ಮಕ್ಕಳನ್ನು ಆರಿಸಿ, ಕೆಲವು ವಾರಗಳ ಯುವ ಶಿಬಿರಕ್ಕೆ ಜರ್ಮನಿಗೇ ಕಳಿಸುತ್ತಾರೆ. ಖರ್ಚು ಜರ್ಮನ್ ತೆರಿಗೆದಾರರದು. ಇಲ್ಲಿ ಮಗು ತಾನಾಗಿ ಅರ್ಜಿ ಗುಜರಾಯಿಸುವಂತಿಲ್ಲ. ಶಾಲೆ ಜಾಲದಲ್ಲಿರಬೇಕು, ಟೀಚರ್ ಹೆಸರು ಕಳಿಸಬೇಕು. ಬೆಂಗಳೂರಿನವರು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ವಿಚಾರಿಸಿದರೆ ಯಾವ ಶಾಲೆ ಜಾಲದಲ್ಲಿದೆ ಅನ್ನುವುದು ತಿಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಕೇಂದ್ರೀಯ ವಿದ್ಯಾಲಯಗಳಲ್ಲಿ ಜರ್ಮನ್ ಮೂರನೇ ಭಾಷೆಯಾಗಿತ್ತು. ಮ್ಯಾಕ್ಸ್ ಮುಲ್ಲರ್ ಭವನದೊಡನೆ 2011ರಲ್ಲಿ ಆಗಿದ್ದ ಒಪ್ಪಂದ 2014ರಲ್ಲಿ ಮುಗಿದಾಗ, ಆ ನವೆಂಬರ್‌ನಲ್ಲಿ, ಶಾಲಾ ವರ್ಷದ ನಡುವೆಯೇ, ಕೇಂದ್ರ ಅದನ್ನು ಆ ಸ್ಥಾನದಿಂದ ತೆಗೆಯಿತು. ಮೂರನೇ ಭಾಷೆಯ ಜಾಗಕ್ಕೆ ಸಂಸ್ಕೃತ ಅಥವಾ ಇನ್ನೊಂದು ಭಾರತೀಯ ಭಾಷೆ ಬರಬೇಕಾಯಿತು. ಬ್ರಿಸ್ಬೇನ್‌ನ ಜಿ-20 ಸಭೆಯಲ್ಲಿ ಆಗಿನ ಜರ್ಮನ್ ಚಾನ್ಸಲರ್ ಆಂಗೆಲಾ ಮರ್ಕೆಲ್ ಪ್ರಧಾನಿ ಮೋದಿಯವರೊಡನೆ ಈ ವಿಷಯ ಎತ್ತಿದರು. ಮರುವರ್ಷ ಹೆಚ್ಚುವರಿ ವಿದೇಶಿ ಭಾಷೆಯಾಗಿ ಕಲಿಸಬಹುದೆಂದು ಒಪ್ಪಂದವಾಯಿತು. ಸಂಸ್ಕೃತವೋ ಜರ್ಮನ್ನೋ ಎಂಬ ಜಗಳದಲ್ಲಿ ಯಾರು ಸರಿ ಎಂದು ವಾದಿಸಲು ನನಗೆ ಆಸಕ್ತಿಯಿಲ್ಲ. ಆರನೇ ತರಗತಿಯಿಂದ ಒಂದು ಭಾಷೆಯನ್ನು ನಂಬಿಕೊಂಡು ಬಂದ ಮಗುವಿನ ಕೈಯಿಂದ ಪರೀಕ್ಷೆಗೆ ನಾಲ್ಕು ತಿಂಗಳಿದ್ದಾಗ ಪುಸ್ತಕ ಕಿತ್ತುಕೊಂಡದ್ದು ಮಾತ್ರ ತಪ್ಪು. ಶಾಲೆಯ ಮೂಲಕ ಬರುವ ಅವಕಾಶವನ್ನು ನೆಚ್ಚಿಕೊಂಡವರು ಮಗುವಿನ ಭಾಷಾ ಮಟ್ಟಕ್ಕೆ ಹೊರಗಿನದೊಂದು ಪ್ರಮಾಣಪತ್ರವನ್ನೂ ಮಾಡಿಸಿಡಲಿ.

6. ಮುಂದಿನ ಬೇಸಿಗೆಯ ಕೆಲಸ ಈ ಆಗಸ್ಟ್‌ನಲ್ಲೇ ಶುರು

ನಿಸ್ಲಿ-ವೈ ಅರ್ಜಿ ಸಾಮಾನ್ಯವಾಗಿ ಬೇಸಿಗೆಯ ಕೊನೆಗೋ ಶರತ್ಕಾಲದ ಆರಂಭಕ್ಕೋ ತೆರೆದು, ಚಳಿ ಬೀಳುವ ಮೊದಲೇ ಮುಚ್ಚುತ್ತದೆ. ಸಂದರ್ಶನ ಚಳಿಗಾಲದಲ್ಲಿ, ಫಲಿತಾಂಶ ವಸಂತದಲ್ಲಿ. ದೀಪಾವಳಿ ಮುಗಿಯಲಿ ಅಂತ ಕಾದವರಿಗೆ ಬಾಗಿಲು ಮುಚ್ಚಿರಬಹುದು.

ಶಿಫಾರಸು ಪತ್ರದ ವಿಷಯದಲ್ಲಿ ಇನ್ನೂ ಬೇಗ ಎದ್ದೇಳಿ. ಒಬ್ಬ ಸಲಹೆಗಾರರ ಪಾಲಿಗೆ 250 ವಿದ್ಯಾರ್ಥಿಗಳಿದ್ದರೆ ಸಾಕು ಎಂದು ಅಮೆರಿಕದ ಶಾಲಾ ಸಲಹೆಗಾರರ ಸಂಘವೇ ಹೇಳುತ್ತದೆ. ಪಬ್ಲಿಕ್ ಸ್ಕೂಲುಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಖಾಸಗಿ ಶಾಲೆಯ ಮಗುವಿಗೆ ಸಲಹೆಗಾರರೇ ಬಂದು ನೆನಪಿಸುತ್ತಾರೆ, ನಿಮ್ಮ ಮಗು ತಾನೇ ಹೋಗಿ ನೆನಪಿಸಬೇಕು. ಪತ್ರವನ್ನು ಅತಿ ಹೆಚ್ಚು ಅಂಕ ಕೊಟ್ಟ ಟೀಚರ್ ಹತ್ತಿರವೇ ಕೇಳಬೇಕೆಂದಿಲ್ಲ. ಮಗು ಎಡವಿದ್ದನ್ನೂ ಎದ್ದದ್ದನ್ನೂ ಕಂಡ ಟೀಚರ್ ಬರೆದರೆ ಕಾಗದಕ್ಕೆ ಜೀವ ಬರುತ್ತದೆ.

7. ಭಾಷೆ ಆರಿಸುವಾಗ ಕನ್ನಡವನ್ನೂ ಕೇಳಿ ನೋಡಿ

ನಿಸ್ಲಿ-ವೈ ಪಟ್ಟಿಯಲ್ಲಿ ಇದ್ದುಬಂದಿರುವ ಭಾಷೆಗಳು ಅರಬಿ, ಮ್ಯಾಂಡರಿನ್, ಹಿಂದಿ, ಇಂಡೋನೇಷಿಯನ್, ಕೊರಿಯನ್, ತಾಜಿಕಿಸ್ತಾನದ ಪರ್ಷಿಯನ್, ರಷ್ಯನ್, ಟರ್ಕಿಶ್. ಪ್ರತಿ ವರ್ಷ ಎಲ್ಲವೂ ಇರುತ್ತವೆ ಎಂದಲ್ಲ. ಕನ್ನಡ ಅದರಲ್ಲಿಲ್ಲ. ಅದರ ಮಾತು ಕೊನೆಗೆ ಬರುತ್ತದೆ.

ನಮ್ಮವರು ಕಣ್ಣುಮುಚ್ಚಿ ಹಿಂದಿಗೆ ಕೈಯಿಡುತ್ತಾರೆ. ಸಿನಿಮಾ ನೋಡಿ ಅರ್ಧ ಬಂದಿದೆ, ಅಜ್ಜಿಯೂ ಅದೇ ದೇಶದಲ್ಲಿದ್ದಾರೆ, ಸುಲಭವಲ್ಲವೇ ಅನ್ನುವ ಲೆಕ್ಕ. ಸುಲಭವೇನೋ ಹೌದು. ಕನ್ನಡ ವರ್ಣಮಾಲೆ ಬಲ್ಲ ಮಗುವಿಗೆ ದೇವನಾಗರಿಯ ಅಕ್ಷರಗಳ ಜೋಡಣೆ ಹೊಸದಲ್ಲ, ಟಠಡಢಣ ಹೊರಡಿಸಲು ನಾಲಿಗೆಗೆ ಹೊಸ ಪಾಠ ಬೇಡ. ಆದರೆ ಅರ್ಜಿ ಓದುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ಹುಡುಗಿ ನಮ್ಮ ಖರ್ಚಿಲ್ಲದೆಯೂ ಇದನ್ನು ಕಲಿಯಬಲ್ಲಳಲ್ಲವೇ? ಅದಕ್ಕೆ ಗಟ್ಟಿ ಉತ್ತರವಿದ್ದರೆ ಮಾತ್ರ ಹಿಂದಿ ಕೇಳಿ.

ಕೊರಿಯನ್, ಟರ್ಕಿಶ್ ಕಡೆ ನೋಡುವ ಕನ್ನಡ ಮಕ್ಕಳು ಕಡಿಮೆ. ಅಲ್ಲಿ ಅವರಿಗೆ ಎಷ್ಟು ಅನುಕೂಲವಿದೆ ಅನ್ನುವುದು ಅವರಿಗೇ ಗೊತ್ತಿಲ್ಲ. ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಮ್ಮಲ್ಲಿದ್ದ ಹಾಗೆ. ಪದದ ಬೆನ್ನಿಗೆ ಪ್ರತ್ಯಯದ ಮೇಲೆ ಪ್ರತ್ಯಯ ಅಂಟುತ್ತ ಹೋಗುತ್ತದೆ, ನಮ್ಮಲ್ಲಿದ್ದ ಹಾಗೆ. ಹಿರಿಯರಿಗೊಂದು ರೂಪ, ಗೆಳೆಯರಿಗೊಂದು ರೂಪ ಬಳಸಿ ಮಾತಾಡುವುದು ಕೊರಿಯನ್‌ನಲ್ಲಿ ಕಡ್ಡಾಯ. ಅಜ್ಜಿಗೆ 'ಬನ್ನಿ', ತಮ್ಮನಿಗೆ 'ಬಾ' ಅನ್ನುತ್ತ ಬೆಳೆದ ಮಗುವಿಗೆ ಅದರ ತರ್ಕ ವಿವರಿಸಬೇಕಿಲ್ಲ. ಇಂಗ್ಲಿಷ್ ಒಂದನ್ನೇ ಬಲ್ಲ ಸಹಪಾಠಿ ವಾಕ್ಯವನ್ನು ತಲೆಕೆಳಗು ಮಾಡಲು ತಿಣುಕುವಾಗ ನಿಮ್ಮ ಮಗುವಿಗೆ ಬೇಕಾಗುವುದು ಹೊಸ ಪದಗಳು, ಕೊರಿಯನ್ ಆದರೆ ಹೊಸ ಲಿಪಿ, ಅಷ್ಟೇ. ಅರಬಿಯಲ್ಲಿ ಪುಸ್ತಕದ ಭಾಷೆ ಬೇರೆ, ಜೋರ್ಡಾನಿನ ಅಮ್ಮಾನ್ ಪೇಟೆಯ ಭಾಷೆ ಬೇರೆ ಎಂದು ಉಳಿದವರು ಕಂಗಾಲಾಗುವಲ್ಲಿಯೂ ಅಷ್ಟೆ. ಪಠ್ಯದ ಕನ್ನಡ ಓದಿ, ಮನೆಯಲ್ಲಿ ಮಂಡ್ಯದ್ದೋ ಧಾರವಾಡದ್ದೋ ಮಾತಾಡುವವರಿಗೆ ಈ ಎರಡು ದೋಣಿಯ ಪಯಣ ಹುಟ್ಟಿನಿಂದ ರೂಢಿ. ಇದನ್ನು ಅರ್ಜಿಯಲ್ಲಿ ಹೇಳಲು ಸಂಕೋಚ ಬೇಡ.

ಒಂದು ಅಂದಾಜೂ ತಲೆಯಲ್ಲಿರಲಿ. ಅಮೆರಿಕದ ರಾಜತಾಂತ್ರಿಕರಿಗೆ ಪಾಠ ಹೇಳುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟಿನ ಪ್ರಕಾರ, ಇಂಗ್ಲಿಷ್ ಮಾತೃಭಾಷೆಯವರು ಅರಬಿ, ಮ್ಯಾಂಡರಿನ್, ಕೊರಿಯನ್‌ನಲ್ಲಿ ಪಳಗಲು ಸುಮಾರು 2200 ತರಗತಿ ಗಂಟೆ ಬೇಕು. ಹಿಂದಿ, ರಷ್ಯನ್, ಟರ್ಕಿಶ್‌ಗೆ ಅದರ ಅರ್ಧ. ಬೇಸಿಗೆಯ ಆರೇಳು ವಾರಗಳಲ್ಲಿ ಸಿಗುವ ಪಾಠ ಸುಮಾರು 120 ಗಂಟೆ. "ಹೋಗಿಬಂದ ಮೇಲೆ ಫ್ಲೂಯೆಂಟ್ ಆಗ್ತಾಳೆ" ಎಂದು ಬಂಧುಬಳಗಕ್ಕೆ ಸಾರಬೇಡಿ.

8. ಪ್ರಬಂಧವನ್ನು ಮಗುವೇ ಬರೆಯಲಿ

ಅಪ್ಪ ತಿದ್ದಿ, ದುಡ್ಡು ತೆಗೆದುಕೊಳ್ಳುವ ಸಲಹೆಗಾರ ನಯಮಾಡಿ, ಯಂತ್ರವೊಂದು ಹೊಳಪು ಕೊಟ್ಟ ಪ್ರಬಂಧದಲ್ಲಿ ಹದಿನಾರರ ಹುಡುಗಿ ಎಲ್ಲೂ ಕಾಣುವುದಿಲ್ಲ. "ಬಾಲ್ಯದಿಂದಲೂ ನನಗೆ ಸಂಸ್ಕೃತಿಗಳ ನಡುವೆ ಸೇತುವೆ ಕಟ್ಟುವ ಹಂಬಲ" ಎಂಬ ಸಾಲು ಸಾವಿರ ಅರ್ಜಿಗಳಲ್ಲಿ ಇರುತ್ತದೆ. ಓದುವವರು ಅದನ್ನು ದಾಟಿಕೊಂಡು ಹೋಗುತ್ತಾರೆ.

ಬೇಕಾದದ್ದು ಸಣ್ಣ, ನಿಜವಾದ ಸಂಗತಿ. ಹಾಸನದ ಅಜ್ಜನ ಮನೆಗೆ ಹೋದಾಗ ದಾಯಾದಿ ಮಕ್ಕಳ ಹಾಸ್ಯ ಅರ್ಥವಾಗದೆ ಎಲ್ಲರೂ ನಕ್ಕ ಮೇಲೆ ನಕ್ಕದ್ದು. ಅಂಗಡಿಯಲ್ಲಿ ತಪ್ಪು ಕನ್ನಡ ಮಾತಾಡಿ ಬೆಪ್ಪಾದದ್ದು, ಆದರೂ ಮರುದಿನ ಅದೇ ಅಂಗಡಿಗೆ ಹಾಲು ತರಲು ಹೋದದ್ದು. ಅರ್ಧ ಮಾತ್ರ ಅರ್ಥವಾಗುವ ಜಾಗದಲ್ಲಿ ಕೂತು ಅಭ್ಯಾಸವಿರುವುದು ವಲಸಿಗರ ಮಕ್ಕಳಿಗೆ. ಈ ಯೋಜನೆಗಳು ಹುಡುಕುವುದು ಆ ಗುಣವನ್ನೇ. ವಿಚಿತ್ರವೆಂದರೆ ನಮ್ಮ ಮಕ್ಕಳು ಅದನ್ನು ಕೊರತೆ ಎಂದುಕೊಂಡು ಮುಚ್ಚಿಡುತ್ತಾರೆ, ಬದಲಿಗೆ ಗಣಿತ ಒಲಿಂಪಿಯಾಡಿನ ಪದಕದ ಬಗ್ಗೆ ಬರೆಯುತ್ತಾರೆ.

ಸ್ಪೆಲ್ಲಿಂಗ್ ತಪ್ಪಿದ್ದರೆ ತೋರಿಸಿ. ಅಲ್ಲಿಗೆ ನಿಮ್ಮ ಪೆನ್ನು ಕೆಳಗಿಡಿ.

9. ಸಂದರ್ಶನದಲ್ಲಿ "ಗೊತ್ತಿಲ್ಲ" ಅನ್ನಲು ಕಲಿಸಿ

ಎದುರಿಗೆ ಕೂರುವವರಲ್ಲಿ ಇದೇ ಯೋಜನೆಯಲ್ಲಿ ಹೋಗಿಬಂದ ಹಳಬರೂ ಇರುತ್ತಾರೆ. ಬಾಯಿಪಾಠ ಅವರಿಗೆ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. "ಆತಿಥೇಯ ತಾಯಿ ನಿನ್ನನ್ನು ಸಂಜೆ ಹೊರಗೆ ಬಿಡದಿದ್ದರೆ?" ಎಂಬಂಥ ಪ್ರಶ್ನೆಗೆ ಸರಿಯುತ್ತರ ಅಂತ ಒಂದಿಲ್ಲ. ಮೊದಲು ಸಿಟ್ಟು ಬರುತ್ತದೆ, ಆಮೇಲೆ ಕಾರಣ ಕೇಳುತ್ತೇನೆ ಎಂದರೆ ಸಾಕು. ಅಮೆರಿಕವನ್ನು ಪ್ರತಿನಿಧಿಸುವ ಮಾತು ಬಂದಾಗ ತನ್ನ ಮನೆಯ ಅಮೆರಿಕದ ಬಗ್ಗೆ ಹೇಳಲಿ: ಯುಗಾದಿಯೂ ಥ್ಯಾಂಕ್ಸ್‌ಗಿವಿಂಗೂ ನಡೆಯುವ ಮನೆ.

10. ಊಟದ ವಿಷಯ ಮುಚ್ಚುಮರೆಯಿಲ್ಲದೆ ಹೇಳಿ

ಕನ್ನಡದ ಎಷ್ಟೋ ಅರ್ಜಿಗಳು ಮನೆಯಲ್ಲೇ ಸಾಯುವುದು ಈ ಮಾತಿಗೆ: "ಅಲ್ಲಿ ಏನು ತಿಂತಾಳೆ?" ಪ್ರಶ್ನೆ ಹಗುರವಾದದ್ದಲ್ಲ. ಆದರೆ ಉತ್ತರ ದೇಶದಿಂದ ದೇಶಕ್ಕೆ ಬೇರೆ.

ತೈವಾನಿನಲ್ಲಿ ಬೌದ್ಧ ಸಸ್ಯಾಹಾರದ ಅಂಗಡಿಗಳು ಬೀದಿಬೀದಿಯಲ್ಲಿವೆ. ಕೆಲವಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ನಮ್ಮ ಮಡಿಯ ಅಜ್ಜಿಯೂ ಮೆಚ್ಚಬಹುದು. ಅಮ್ಮಾನಿನಲ್ಲಿ ಹಮ್ಮುಸ್, ಫಲಾಫೆಲ್, ಬೇಯಿಸಿದ ಬಾಕಲಾ ಕಾಳು ದಿನವೂ ಸಿಗುತ್ತವೆ, ಕೆಲವು ವಾರ ಕಳೆಯಲು ಕಷ್ಟವಿಲ್ಲ. ಇಂಡೋನೇಷ್ಯಾದಲ್ಲಿ ತೆಂಪೆ, ತೋಫು ಧಾರಾಳ. ಆದರೆ ಚಟ್ನಿಯಲ್ಲಿ ಬಹಳ ಸಲ ಹುದುಗಿಸಿದ ಸೀಗಡಿಯ ಮುದ್ದೆ ಸೇರಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸೋಲ್‌ನಲ್ಲಿ ತರಕಾರಿ ಹೇರಳ, ಸಾರಿನ ಬುಡದಲ್ಲಿ ಮಾತ್ರ ಬಹಳ ಸಲ ಒಣಮೀನು, ಕಿಮ್ಚಿಯಲ್ಲೂ ಮೀನಿನ ರಸ. ತಾಜಿಕಿಸ್ತಾನದ ದುಷಾನ್ಬೆಯಲ್ಲಿ ಕುರಿಮಾಂಸದ ಪಲಾವ್ ಇಲ್ಲದೆ ಅತಿಥಿ ಸತ್ಕಾರ ಆಗದು. ಆದರೆ ರೊಟ್ಟಿಯ ಚೂರುಗಳ ಮೇಲೆ ಒಣಮೊಸರಿನ ರಸ ಸುರಿದು, ಈರುಳ್ಳಿ ಸೊಪ್ಪು ಹರಡುವ ಕುರುತೋಬ್ ಎಂಬ ತಿಂಡಿ ಅಲ್ಲಿನವರ ಅಚ್ಚುಮೆಚ್ಚು. ನಮ್ಮ ಮಕ್ಕಳಿಗೂ ಒಗ್ಗುವಂಥದ್ದು.

ಮಗುವನ್ನು ಕೂರಿಸಿಕೊಂಡು ಮೂರು ಗೆರೆ ಎಳೆಸಿ: ಏನನ್ನು ಎಂದೂ ತಿನ್ನುವುದಿಲ್ಲ, ಏನು ಅರಿಯದೆ ಬಾಯಿಗೆ ಹೋದರೆ ಸಹಿಸುತ್ತೇನೆ, ಏನನ್ನು ತಿಂದು ನೋಡಲು ಸಿದ್ಧ. ಗೆರೆ ಮಗುವಿನದಾಗಿರಲಿ, ಅಜ್ಜಿಯದಲ್ಲ. ಅದನ್ನೇ ಅರ್ಜಿಯಲ್ಲಿ ಬರೆಯಿಸಿ. "ಎಲ್ಲ ತಿಂತೀನಿ" ಎಂದು ಬರೆದು ಹೋದವಳು ಮೊದಲ ರಾತ್ರಿಯೇ ತಟ್ಟೆ ಸರಿಸಿದರೆ, ಆ ಮನೆಯ ತಾಯಿಗೆ ಆಗುವ ನೋವು ದೊಡ್ಡದು.

11. ಆರೋಗ್ಯದ ಫಾರಂನಲ್ಲಿ ಸುಳ್ಳು ಬೇಡ

ಉಬ್ಬಸ, ಅಲರ್ಜಿ, ಆತಂಕದ ಕಾಯಿಲೆ, ಗಮನ ನಿಲ್ಲದ ತೊಂದರೆಗೆ ತೆಗೆದುಕೊಳ್ಳುವ ಮಾತ್ರೆ, ಎಲ್ಲವನ್ನೂ ಬರೆಯಿರಿ. "ಹೇಳಿದರೆ ಸೀಟು ಹೋಗುತ್ತೆ" ಎಂಬ ಗುಸುಗುಸು ನಮ್ಮಲ್ಲಿ ಹೆಚ್ಚು. ಮುಚ್ಚಿಟ್ಟರೆ ಮಗುವೇ ಸಿಕ್ಕಿಬೀಳುತ್ತದೆ. ಅಮೆರಿಕದಲ್ಲಿ ವೈದ್ಯರು ಚೀಟಿ ಬರೆದು ಕೊಡುವ ಆಂಫೆಟಮೈನ್ ಮಾತ್ರೆಗಳು ದಕ್ಷಿಣ ಕೊರಿಯಾದಲ್ಲಿ ನಿಷಿದ್ಧ, ಚೀಲದಲ್ಲಿ ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ರಾದ್ಧಾಂತ. ಮೊದಲೇ ತಿಳಿಸಿದರೆ ಆ ಮಗುವಿಗೆ ಹೊಂದುವ ದೇಶ ಯಾವುದೆಂದು ಅವರೇ ನೋಡುತ್ತಾರೆ.

12. 'ಪೂರ್ತಿ ಉಚಿತ' ಅನ್ನುವುದರ ಹೊರಗೆ ಉಳಿಯುವ ಖರ್ಚು

ವಿಮಾನ, ಪಾಠ, ವಸತಿ, ಊಟ ಸರ್ಕಾರದ್ದು. ಪಾಸ್‌ಪೋರ್ಟ್ ಶುಲ್ಕ, ಹೋಗುವ ಮುಂಚಿನ ಡಾಕ್ಟರ ತಪಾಸಣೆ, ಲಸಿಕೆ, ಕೈಖರ್ಚು ನಿಮ್ಮದು. ಹದಿನಾರು ತುಂಬದವರ ಅಮೆರಿಕನ್ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತದೆ, ಹೊಸದನ್ನು ಮಾಡಿಸುವಾಗಲೂ ಹದಿನಾರು ತುಂಬಿರದಿದ್ದರೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ತಂದೆ ಬೆಂಗಳೂರಿನಲ್ಲಿ ಪ್ರಾಜೆಕ್ಟ್ ಮೇಲೆ ಇದ್ದರೆ ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ವರ್ಷ ಪೂರ್ತಿ ಹೋಗುವವರು ಶಾಲೆಯಿಂದ ಕ್ರೆಡಿಟ್ ವಿಷಯವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಲಿ. ಹೊರಗೆ ಓದಿದ ವರ್ಷವನ್ನು ಒಪ್ಪುವುದು ಬಿಡುವುದು ಶಾಲೆಯ ಕೈಯಲ್ಲಿದೆ. ಬಾಯಿಮಾತಿನಲ್ಲಿ "ನೋಡೋಣ" ಅಂದ ಸಲಹೆಗಾರರು ಮಗು ವಾಪಸು ಬರುವ ಹೊತ್ತಿಗೆ ಬೇರೆ ಶಾಲೆಗೆ ಹೋಗಿರಬಹುದು. ಹನ್ನೊಂದನೇ ತರಗತಿಯಲ್ಲಿ ಹೋದರೆ ಎಪಿ ಕೋರ್ಸು ತಪ್ಪುತ್ತದೆ ಎಂಬ ಅಳುಕು ನಿಜ. ನನ್ನನ್ನು ಕೇಳಿದರೆ, ಡಾರ್ಟ್‌ಮುಂಡ್‌ನಲ್ಲೋ ಬಿಷ್ಕೆಕ್‌ನಲ್ಲೋ ಕಳೆದ ಒಂದು ವರ್ಷದ ಮುಂದೆ ಇನ್ನೊಂದು ಎಪಿ ಕೋರ್ಸು ಏನೂ ಅಲ್ಲ.

13. ಅಮ್ಮಂದಿರೇ, ದಿನಾ ವಿಡಿಯೊ ಕರೆ ಬೇಡ

ಪ್ರತಿ ರಾತ್ರಿ ಒಂದು ಗಂಟೆ ಮನೆಯವರ ಜೊತೆ ಮಾತಾಡುವ ಮಗು, ಆ ಒಂದು ಗಂಟೆ ಆತಿಥೇಯ ತಂಗಿಯ ಜೊತೆ ಟೀವಿ ನೋಡುತ್ತ ಕಲಿಯಬಹುದಾಗಿದ್ದನ್ನು ಕಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಸಾಕು. ಮೊದಲ ಹತ್ತು ದಿನ ಅಳುತ್ತದೆ. "ಬಂದುಬಿಡು" ಅನ್ನಬೇಡಿ.

14. ಕೈತಪ್ಪಿದರೆ ಏನು ಅನ್ನುವುದೂ ತಿಳಿದಿರಲಿ

ಸರ್ಕಾರದ ದುಡ್ಡು ಸರ್ಕಾರದ ಮರ್ಜಿಯಲ್ಲಿರುತ್ತದೆ. ಕೋವಿಡ್ ಬಂದ 2020ರಲ್ಲಿ ಹೊರದೇಶದ ಪ್ರಯಾಣಗಳು ನಿಂತವು. ರಷ್ಯನ್ ಕಲಿಯುವವರು ಈಗ ಹೋಗುವುದು ರಷ್ಯಾಕ್ಕಲ್ಲ, ಅದನ್ನಾಡುವ ಬೇರೆ ದೇಶಗಳಿಗೆ. 2025ರ ಫೆಬ್ರವರಿಯಲ್ಲಿ ವಿದೇಶಾಂಗ ಇಲಾಖೆ ವಿನಿಮಯ ಯೋಜನೆಗಳ ಹಣವನ್ನು ತಡೆಹಿಡಿದಾಗ, ಹೊರದೇಶದಲ್ಲಿ ಆಗಲೇ ಓದುತ್ತಿದ್ದವರೂ ಅವರನ್ನು ಕಳಿಸಿದ ಸಂಸ್ಥೆಗಳೂ ಪೇಚಿಗೆ ಬಿದ್ದರು. ಆದ್ದರಿಂದ ಹಳೆಯ ವರ್ಷದ ಮಾಹಿತಿ ನೆಚ್ಚಿಕೊಂಡು ಕೂರಬೇಡಿ, ಈ ಸಲ ಯೋಜನೆ ಇದೆಯೇ, ಯಾವ ಭಾಷೆಗೆ, ಎಲ್ಲಿಗೆ ಅನ್ನುವುದನ್ನು ಅಧಿಕೃತ ಪ್ರಕಟಣೆಯಲ್ಲೇ ನೋಡಿ.

ಅರ್ಜಿಗಳು ಸಾವಿರಗಟ್ಟಲೆ ಬರುತ್ತವೆ, ಸೀಟುಗಳು ನೂರುಗಳ ಲೆಕ್ಕದಲ್ಲಿ ಇರುತ್ತವೆ. ಸಿಗದವರೇ ಹೆಚ್ಚು. ವಯಸ್ಸು ಮೀರದಿದ್ದರೆ ಮುಂದಿನ ವರ್ಷ ಮತ್ತೆ ಹಾಕಬಹುದು. ನಡುವಿನ ಹನ್ನೆರಡು ತಿಂಗಳಲ್ಲಿ ಊರಿನ ಲೈಬ್ರರಿಯಲ್ಲೋ ಸಮುದಾಯ ಕಾಲೇಜಿನಲ್ಲೋ ಆ ಭಾಷೆಯ ಮೊದಲ ಪಾಠ ಮುಗಿಸಿಟ್ಟರೆ ಎರಡನೇ ಅರ್ಜಿಗೆ ಮೊದಲನೆಯದಕ್ಕಿಲ್ಲದ ತೂಕ ಬರುತ್ತದೆ.

15. ಬಂದ ಮೇಲಿನ ಲೆಕ್ಕ

ಹೋಗುವ ಮುಂಚೆಯೂ ಬಂದ ಮೇಲೂ ಮಾತಿನ ಪರೀಕ್ಷೆಯೊಂದು ನಡೆಯುತ್ತದೆ, ಎಷ್ಟು ಮೇಲೇರಿದಳು ಅನ್ನುವುದನ್ನು ಅಳೆಯಲು. ಆ ಮಟ್ಟ ಜಾರಲು ಹೆಚ್ಚು ದಿನ ಬೇಡ. ವಾರಕ್ಕೆರಡು ಸಂಜೆ ಆತಿಥೇಯ ಮನೆಯವರ ಜೊತೆ ಫೋನಿನಲ್ಲಿ ಹರಟಿದರೆ ತಕ್ಕಮಟ್ಟಿಗೆ ಉಳಿಯುತ್ತದೆ. ರಾಜ್ಯದಲ್ಲಿ 'ಸೀಲ್ ಆಫ್ ಬೈಲಿಟರಸಿ' ಇದ್ದರೆ, ಹೈಸ್ಕೂಲು ಮುಗಿಯುವಾಗ ಎರಡು ಭಾಷೆ ಬಲ್ಲವರಿಗೆ ಡಿಪ್ಲೊಮಾದ ಮೇಲೆ ಹಾಕುವ ಆ ಮುದ್ರೆಯನ್ನೂ ಕೇಳಿ ಪಡೆಯಲಿ. ಕ್ಯಾಲಿಫೋರ್ನಿಯಾ 2011ರಲ್ಲಿ ಇದಕ್ಕೆ ಮೊದಲು ಕಾನೂನು ಮಾಡಿತು, ಉಳಿದ ರಾಜ್ಯಗಳು ಹಿಂದೆ ಬಂದವು. ಕಾಲೇಜಿಗೆ ಹೋದ ಮೇಲೆ ಕ್ರಿಟಿಕಲ್ ಲಾಂಗ್ವೇಜ್ ಸ್ಕಾಲರ್‌ಶಿಪ್, ಬೋರೆನ್, ಗಿಲ್ಮನ್ ಇವೆ. ಅಲ್ಲಿ ಅರ್ಜಿ ಹಾಕುವಾಗ ಹೈಸ್ಕೂಲಿನ ಪ್ರವಾಸ ತನ್ನಿಂದ ತಾನೇ ಕೆಲಸಕ್ಕೆ ಬರುತ್ತದೆ.

ಇನ್ನು ಕನ್ನಡ. ಹೈಸ್ಕೂಲಿನ ಸರ್ಕಾರಿ ಪಟ್ಟಿಯಲ್ಲಿ ಅದು ಬಂದಿಲ್ಲ, ಯಾರಾದರೂ ಕೂತು ಒತ್ತಾಯಿಸದೆ ಬರುವಂತೆಯೂ ಕಾಣುವುದಿಲ್ಲ. ಕಾಲೇಜು ಹಂತದಲ್ಲಿ ಮಾತ್ರ ದಾರಿಯಿದೆ: ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಮೈಸೂರಿನಲ್ಲಿ ಕನ್ನಡ ಕಲಿಸುತ್ತದೆ, ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಓದುತ್ತಾರೆ. ಟೆಕ್ಸಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಬೆಳೆದು, ಅಜ್ಜಿಯ ಮಾತು ಅರ್ಥವಾಗುತ್ತದೆ ಆದರೆ ಓದಲು ಬರೆಯಲು ಬಾರದು ಅನ್ನುವ ಮಗುವಿಗೆ ಆ ತರಗತಿ ಹೇಳಿಮಾಡಿಸಿದ್ದು. ಪದವಿಯ ಮೊದಲ ವರ್ಷದಲ್ಲೇ ತನ್ನ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ವಿಭಾಗದ ಬಾಗಿಲು ತಟ್ಟಿ, ಅದರ ಖರ್ಚಿಗೆ ಈ ವರ್ಷ ಯಾವ ಹಣವಿದೆ ಎಂದು ವಿಚಾರಿಸಲಿ.